ಅಂಗಡಿಯ ಬೆಲೆ ಕಟ್ಟುವವರು ಯಾರು?

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ತಿಂಗಳ ಸಭೆಯಲ್ಲಿ ನೀಡಿದ ಭಾಷಣದ ಬರಹ ರೂಪ)



ಸಂಘದ ಸಭೆಗಳಲ್ಲಿ ಉಳಿತಾಯ, ಸಾಲ, ಬಡ್ಡಿಯ ಲೆಕ್ಕವೆಲ್ಲ ಮುಗಿದ ಮೇಲೆ ಚಾಪೆ ಮಡಚುವಾಗ ಒಂದು ಮಾತು ಬಂದೇ ಬರುತ್ತದೆ. "ಸಿಸ್ಟರ್, ವಾರಕ್ಕೆ 50 ರೂಪಾಯಿ ಇಲ್ಲಿ ಕಟ್ತೇವೆ. ಅಂಗಡಿಯಲ್ಲಿ ಬೇಳೆಗೆ, ಎಣ್ಣೆಗೆ ಅದಕ್ಕಿಂತ ಜಾಸ್ತಿ ಕಳ್ಕೊಳ್ತೇವೆ. ಬೆಲೆ ಹೇಳೋರು ಯಾರು, ಕೇಳೋರು ಯಾರು?" ಈ ಪ್ರಶ್ನೆ ಸಣ್ಣದಲ್ಲ. ಕೂಲಿ ಮಾಡುವ ಮನೆಯಲ್ಲಿ ಬಂದ ದುಡ್ಡಿನ ದೊಡ್ಡ ಪಾಲು ಹೊಟ್ಟೆಗೇ ಹೋಗುತ್ತದೆ. ಬೆಲೆ ಏರಿದಾಗ ಮೊದಲು ಕಡಿಮೆಯಾಗುವುದು ಮನೆಯ ಹೆಂಗಸಿನ ತಟ್ಟೆಯ ಸಾರು. ಆಮೇಲೆ ಮಕ್ಕಳ ಹಾಲು. ಹಾಗಾಗಿ ಇವತ್ತು ಈ ಪ್ರಶ್ನೆಯನ್ನೇ ಎತ್ತಿಕೊಂಡು ಮಾತಾಡೋಣ ಅಂತ ನಾವು ಬಂದಿದ್ದೇವೆ.

ಬೆಲೆ ಯಾಕೆ ಏರುತ್ತದೆ? ಮಳೆ ಬರಲಿಲ್ಲ, ಬೆಳೆ ಬರಲಿಲ್ಲ, ಡೀಸೆಲ್ ಏರಿತು, ಲಾರಿ ಬಾಡಿಗೆ ಏರಿತು. ಇವೆಲ್ಲ ನಿಜವಾದ ಕಾರಣಗಳೇ. ಆದರೆ ಕೆಲವು ಸಲ ಮಳೆಗೂ ಡೀಸೆಲ್‌ಗೂ ಸಂಬಂಧವಿಲ್ಲದೆ, ಮನುಷ್ಯರೇ ಕೂತು ಬೆಲೆ ಏರಿಸುತ್ತಾರೆ. ಅದು ಮೂರು ದಾರಿಯಲ್ಲಿ ನಡೆಯುತ್ತದೆ. ಮೂರಕ್ಕೂ ನಮ್ಮ ದೇಶದಲ್ಲಿ ಕಾನೂನು ಇದೆ. ಒಂದೊಂದಾಗಿ ನೋಡೋಣ.

ಮೊದಲನೆಯದು: ಪೊಟ್ಟಣದ ಮೇಲಿನ ಬೆಲೆ

ಎಂ.ಆರ್.ಪಿ. ಅಂದರೇನು ಅಂತ ಕೇಳಿದರೆ "ಸರ್ಕಾರ ಕಟ್ಟಿದ ಬೆಲೆ" ಅಂತ ನಮ್ಮಲ್ಲಿ ಬಹಳ ಜನ ಹೇಳ್ತಾರೆ. ಅದು ತಪ್ಪು ತಿಳುವಳಿಕೆ. ಬಿಸ್ಕತ್ತು, ಸೋಪು, ಎಣ್ಣೆ, ಉಪ್ಪು, ಟೀಪುಡಿ ಇವುಗಳ ಎಂ.ಆರ್.ಪಿ. ಬರೆಯುವುದು ತಯಾರಿಸುವ ಕಂಪೆನಿಯೇ. ಸರ್ಕಾರದ ನಿಯಮ ಹೇಳುವುದು ಇಷ್ಟೇ: ಎಲ್ಲ ತೆರಿಗೆ ಸೇರಿಸಿ ಒಂದು ಗರಿಷ್ಠ ಬೆಲೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು, ಅಂಗಡಿಯವರು ಅದಕ್ಕಿಂತ ಒಂದು ಪೈಸೆಯನ್ನೂ ಹೆಚ್ಚು ಕೇಳಬಾರದು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಇದನ್ನು ಹೇಳುತ್ತವೆ.

"ಗರಿಷ್ಠ" ಎಂಬ ಪದವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಅದು ಮೇಲಿನ ಗಡಿ. ಅದಕ್ಕಿಂತ ಕಡಿಮೆಗೆ ಮಾರುವುದು ತಪ್ಪಲ್ಲ, ಕಡಿಮೆ ಕೇಳುವುದು ನಾಚಿಕೆಯೂ ಅಲ್ಲ. ಪೇಟೆಯ ದೊಡ್ಡ ಅಂಗಡಿಗಳಲ್ಲಿ ಎಂ.ಆರ್.ಪಿ.ಗೆ ಗೀಟು ಹಾಕಿ ಕಡಿಮೆ ಬೆಲೆ ಬರೆಯುತ್ತಾರಲ್ಲ, ಆಗ ನಾವು ಲಾಭವಾಯಿತು ಅಂದುಕೊಳ್ತೇವೆ. ಆ ಎಂ.ಆರ್.ಪಿ. ಮೊದಲೇ ಎತ್ತರಕ್ಕೆ ಬರೆದದ್ದಿರಬಹುದು. ರಿಯಾಯಿತಿ ಎಷ್ಟು ಅಂತ ನೋಡಬೇಡಿ. ಕೈಯಿಂದ ಹೋದದ್ದೆಷ್ಟು, ಚೀಲಕ್ಕೆ ಬಂದದ್ದೆಷ್ಟು ಅಂತ ನೋಡಿ.

ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿಗೆ, ಜ್ಯೂಸಿಗೆ "ಕೂಲಿಂಗ್ ಚಾರ್ಜ್" ಅಂತ 2 ರೂಪಾಯಿ, 5 ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಾರೆ. ಅಂಗಡಿಯಲ್ಲಿ ಹಾಗೆ ತೆಗೆದುಕೊಳ್ಳುವ ಹಾಗಿಲ್ಲ. ಹೋಟೆಲಿನಲ್ಲಿ ಕೂತು ತರಿಸಿಕೊಂಡರೆ ಮಾತು ಬೇರೆ. ಅಲ್ಲಿ ಸೇವೆಯೂ ಸೇರಿರುವುದರಿಂದ ಎಂ.ಆರ್.ಪಿ.ಗಿಂತ ಹೆಚ್ಚು ತೆಗೆದುಕೊಳ್ಳಬಹುದು ಅಂತ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಈ ವ್ಯತ್ಯಾಸ ಗೊತ್ತಿದ್ದರೆ ಜಗಳ ಮಾಡಬೇಕಾದ ಕಡೆ ಮಾಡಬಹುದು, ಬೇಡದ ಕಡೆ ಸುಮ್ಮನಿರಬಹುದು.

ಇನ್ನೊಂದು ಜಾಣತನವಿದೆ. ಬೆಲೆ ಹಾಗೇ ಇರುತ್ತದೆ, ಪೊಟ್ಟಣದೊಳಗಿನ ತೂಕ ಕಡಿಮೆಯಾಗುತ್ತದೆ. ಲೆಕ್ಕ ಹಾಕಿ ನೋಡೋಣ. 10 ರೂಪಾಯಿಗೆ 100 ಗ್ರಾಂ ಬರುತ್ತಿದ್ದರೆ ಕೆ.ಜಿ.ಗೆ 100 ರೂಪಾಯಿ ಆಯಿತು. ಅದೇ 10 ರೂಪಾಯಿಗೆ 80 ಗ್ರಾಂ ಬಂದರೆ? ಕೆ.ಜಿ.ಗೆ 125 ರೂಪಾಯಿ. ಮಗುವಿನ ಕೈಗೆ ಅದೇ 10 ರೂಪಾಯಿ ಕೊಟ್ಟು ಕಳಿಸ್ತೇವೆ, ಬೆಲೆ ಏರಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಇದನ್ನು ಕಂಡುಹಿಡಿಯಲಿಕ್ಕೆ 2021ರ ತಿದ್ದುಪಡಿಯಲ್ಲಿ ಒಂದು ಒಳ್ಳೆಯ ನಿಯಮ ಬಂದಿದೆ. ಒಂದು ಗ್ರಾಂಗೆ, ಒಂದು ಕೆ.ಜಿ.ಗೆ, ಒಂದು ಲೀಟರಿಗೆ ಎಷ್ಟು ಬೀಳುತ್ತದೆ ಎಂಬ ಬಿಡಿ ಅಳತೆಯ ಬೆಲೆಯನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. ಅಕ್ಷರ ಸಣ್ಣದಿರುತ್ತದೆ. ನಮ್ಮ ಕಣ್ಣಿಗೆ ಕಾಣದಿದ್ದರೆ ಶಾಲೆಗೆ ಹೋಗುವ ಮಕ್ಕಳ ಹತ್ತಿರ ಓದಿಸಿ. ಎರಡು ಕಂಪೆನಿಯ ಪೊಟ್ಟಣ ಪಕ್ಕಪಕ್ಕ ಇಟ್ಟು ಅದನ್ನು ಹೋಲಿಸಿ.

ಎರಡನೆಯದು: ಬಚ್ಚಿಟ್ಟು ಏರಿಸುವ ಬೆಲೆ

ತೊಗರಿಬೇಳೆಯ ಕಥೆ ನಿಮಗೆಲ್ಲ ನೆನಪಿರಬೇಕು. 2014 ಮತ್ತು 2015ರಲ್ಲಿ ಮಳೆ ಕೈಕೊಟ್ಟಿತು. 2015ರ ಅಕ್ಟೋಬರ್ ಹೊತ್ತಿಗೆ ಪೇಟೆಗಳಲ್ಲಿ ಕೆ.ಜಿ. ತೊಗರಿಬೇಳೆ 200 ರೂಪಾಯಿಯ ಹತ್ತಿರ ಬಂತು. ಬೆಳೆ ಕಡಿಮೆಯಾದದ್ದು ನಿಜ. ಆದರೆ ಬೆಲೆ ಇನ್ನೂ ಏರಲಿ ಅಂತ ದಾಸ್ತಾನು ಹಿಡಿದಿಟ್ಟವರೂ ಇದ್ದರು. ಸರ್ಕಾರ ದಾಸ್ತಾನಿನ ಮಿತಿಯನ್ನು ಬಿಗಿ ಮಾಡಿ ಹಲವು ರಾಜ್ಯಗಳಲ್ಲಿ ಗೋದಾಮುಗಳ ಮೇಲೆ ದಾಳಿ ಮಾಡಿದಾಗ ಸಾವಿರಾರು ಟನ್ ಬೇಳೆಕಾಳು ಹೊರಗೆ ಬಂತು.

ಈಗ ಇದರ ಇನ್ನೊಂದು ಮುಖ ನೋಡಿ. ತೊಗರಿಯ ಕಣಜ ನಮ್ಮ ಕಲಬುರಗಿ. 2016ರಲ್ಲಿ ಮಳೆ ಚೆನ್ನಾಗಿ ಬಂದು ಬೆಳೆ ತುಂಬಿತು. 2017ರ ಸುಗ್ಗಿಯಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 5,050 ರೂಪಾಯಿ, ಅಂದರೆ ಕೆ.ಜಿ.ಗೆ 50 ರೂಪಾಯಿ 50 ಪೈಸೆ. ಮಾರುಕಟ್ಟೆಯಲ್ಲಿ ಅಷ್ಟೂ ಸಿಗದೆ ರೈತರು ಖರೀದಿ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಂತರು. ಕಾಳು ಬೇಳೆಯಾಗುವಾಗ ತೂಕ ಇಳಿಯುತ್ತದೆ, ಗಿರಣಿಯ ಖರ್ಚಿರುತ್ತದೆ, ಒಪ್ಪೋಣ. ಆದರೂ ಕೊಳ್ಳುವ ಹೆಂಗಸು ಅತ್ತಳು, ಬೆಳೆದ ಹೆಂಗಸೂ ಅತ್ತಳು. ನಗುವವರು ನಡುವೆ ಎಲ್ಲೋ ಇದ್ದರು.

ಇಂಥದ್ದನ್ನು ತಡೆಯಲಿಕ್ಕೆ ಇರುವುದು 1955ರ ಅಗತ್ಯ ವಸ್ತುಗಳ ಕಾಯ್ದೆ. ಯಾರು ಎಷ್ಟು ದಾಸ್ತಾನು ಇಟ್ಟುಕೊಳ್ಳಬಹುದು ಅಂತ ಸರ್ಕಾರ ಮಿತಿ ಹಾಕಬಹುದು, ಮೀರಿದರೆ ಜಪ್ತಿ ಮಾಡಬಹುದು. 2020ರಲ್ಲಿ ಈ ಅಧಿಕಾರವನ್ನು ಬಹಳ ಸಡಿಲ ಮಾಡಿದ್ದರು. ರೈತರ ಹೋರಾಟದ ನಂತರ 2021ರ ಕೊನೆಗೆ ಕೃಷಿ ಕಾಯ್ದೆಗಳ ಜೊತೆ ಆ ತಿದ್ದುಪಡಿಯೂ ರದ್ದಾಯಿತು. 2023ರ ಜೂನ್ 2ರಂದು ತೊಗರಿ ಮತ್ತು ಉದ್ದಿಗೆ ಕೇಂದ್ರ ಸರ್ಕಾರ ಮಿತಿ ಹಾಕಿದಾಗ ಆರಂಭದಲ್ಲಿ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದಿತ್ತು. ಮಿತಿ ಕಾಲಕಾಲಕ್ಕೆ ಬದಲಾಗುತ್ತದೆ. ಆದರೆ ಊರಿನಲ್ಲಿ ಬೇಳೆ ಸಿಗದಿರುವಾಗ ಒಂದು ಗೋದಾಮು ತುಂಬಿ ತುಳುಕುತ್ತಿದ್ದರೆ ಆಹಾರ ಇಲಾಖೆಗೆ, ತಹಶೀಲ್ದಾರರಿಗೆ ಬರೆದು ತಿಳಿಸುವ ಹಕ್ಕು ನಮಗಿದೆ ಎಂಬುದು ಬದಲಾಗುವುದಿಲ್ಲ.

ಮೂರನೆಯದು: ಮಾತಾಡಿಕೊಂಡು ಕಟ್ಟುವ ಬೆಲೆ

ಇದು ಎಲ್ಲಕ್ಕಿಂತ ಕಾಣದ ಮೋಸ. ಮೂರ್ನಾಲ್ಕು ದೊಡ್ಡ ವ್ಯಾಪಾರಿಗಳು ಅಥವಾ ಕಂಪೆನಿಗಳು ಹೊರಗೆ ಪೈಪೋಟಿ ಮಾಡಿದಂತೆ ತೋರಿಸುತ್ತವೆ. ಒಳಗೆ "ನೀನೂ ಇಷ್ಟಕ್ಕೆ ಮಾರು, ನಾನೂ ಇಷ್ಟಕ್ಕೆ ಮಾರುತ್ತೇನೆ" ಅಂತ ಒಪ್ಪಂದ ಮಾಡಿಕೊಳ್ಳುತ್ತವೆ. ಇವರ ಕೂಟಕ್ಕೆ ಕಾರ್ಟೆಲ್ ಅನ್ನುತ್ತಾರೆ. ನಮ್ಮ ದೇಶದಲ್ಲಿ 2002ರ ಸ್ಪರ್ಧಾ ಕಾಯ್ದೆ ಇದನ್ನು ನಿಷೇಧಿಸಿದೆ. ಈ ಭಾಗ 2009ರಿಂದ ಜಾರಿಯಲ್ಲಿದೆ. ವಿಚಾರಣೆ ಮಾಡುವುದು ದೆಹಲಿಯ ಭಾರತೀಯ ಸ್ಪರ್ಧಾ ಆಯೋಗ. ಕೂಟ ಮಾಡಿದ ಕಂಪೆನಿಗೆ, ಅದು ನಡೆದ ಪ್ರತಿ ವರ್ಷಕ್ಕೂ, ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇಕಡಾ 10, ಎರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ ಹಾಕಬಹುದು. ಕೂಟದೊಳಗಿನವರೇ ಮೊದಲು ಬಂದು ಸತ್ಯ ಹೇಳಿದರೆ ಅವರಿಗೆ ದಂಡದಲ್ಲಿ ರಿಯಾಯಿತಿ ಉಂಟು. ಗುಟ್ಟಿನ ಮಾತುಕತೆಗೆ ಸಾಕ್ಷಿ ಸಿಗುವುದು ಕಷ್ಟ, ಅದಕ್ಕೇ ಈ ಉಪಾಯ.

ಒಂದು ಉದಾಹರಣೆ ಹೇಳಿದರೆ ನೀವು ನಗ್ತೀರಿ. ಬಿಯರ್ ಕಂಪೆನಿಗಳು ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ವರ್ಷಗಟ್ಟಲೆ ಮಾತಾಡಿಕೊಂಡು ಬೆಲೆ ಕಟ್ಟಿದ್ದವು ಅಂತ ಆಯೋಗ 2021ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟು, ಒಟ್ಟು 870 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. 2022ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಅದನ್ನು ಎತ್ತಿ ಹಿಡಿಯಿತು. "ಬಿಯರ್ ಏರಿದರೆ ನಮಗೇನು ಸಿಸ್ಟರ್, ಏರಲಿ ಬಿಡಿ" ಅಂತೀರಿ. ಆದರೆ ಕುಡಿಯುವವರ ಜೇಬಿನಿಂದ ಹೋಗುವ ದುಡ್ಡೂ ಮನೆಯದೇ ಅಲ್ಲವೇ? ಕುಡಿತದಿಂದ ಒಂದು ನಷ್ಟ, ಕೂಟದಿಂದ ಅದರ ಮೇಲೊಂದು ನಷ್ಟ.

ಆದರೆ ಊಟದ ವಿಷಯದಲ್ಲಿ ನಮಗೆಲ್ಲ ಪಾಠವಾಗಬೇಕಾದ ಘಟನೆ ನಡೆದದ್ದು ದೂರದ ದಕ್ಷಿಣ ಆಫ್ರಿಕಾದಲ್ಲಿ. ನಮಗೆ ಅನ್ನ, ರಾಗಿಮುದ್ದೆ, ರೊಟ್ಟಿ ಹೇಗೋ ಅಲ್ಲಿಯ ಬಡವರಿಗೆ ಬ್ರೆಡ್ಡು ಹಾಗೆ. ದೊಡ್ಡ ಕಂಪೆನಿಗಳಿಂದ ಬ್ರೆಡ್ಡು ಕೊಂಡು ಕೇಪ್‌ಟೌನ್ ಸುತ್ತಿನ ಬಡ ಬಡಾವಣೆಗಳ ಸಣ್ಣ ಅಂಗಡಿಗಳಿಗೆ ಹಂಚುವ ಚಿಕ್ಕ ವಿತರಕರಿದ್ದರು. 2006ರ ಡಿಸೆಂಬರಿನಲ್ಲಿ, ಹಬ್ಬದ ಕಾಲದಲ್ಲಿ, ದೊಡ್ಡ ಕಂಪೆನಿಗಳು ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ಬೆಲೆ ಏರಿಸಿದವು. ವಿತರಕರಿಗೆ ಕೊಡುತ್ತಿದ್ದ ರಿಯಾಯಿತಿಯನ್ನೂ ಒಟ್ಟಿಗೇ ಕಡಿತ ಮಾಡಿದವು. ಒಂದು ಬ್ರೆಡ್ಡಿಗೆ ಏರಿದ್ದು ಕೆಲವು ಸೆಂಟು ಮಾತ್ರ. ಬೇರೆಯವರಾಗಿದ್ದರೆ "ನಮ್ಮ ಹಣೆಬರಹ" ಅಂತ ಸುಮ್ಮನಾಗುತ್ತಿದ್ದರೋ ಏನೋ. ಇಮ್ರಾನ್ ಮುಕದ್ದಂ ಎಂಬ ವಿತರಕರೂ ಅವರ ಜೊತೆಯವರೂ ಸುಮ್ಮನಾಗಲಿಲ್ಲ. ಆ ದೇಶದ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು.

ತನಿಖೆ ಆರಂಭವಾದಾಗ ಪ್ರೀಮಿಯರ್ ಎಂಬ ಕಂಪೆನಿ ತಾನಾಗಿ ಬಾಯಿಬಿಟ್ಟಿತು. ಟೈಗರ್ ಬ್ರ್ಯಾಂಡ್ಸ್ ತಪ್ಪು ಒಪ್ಪಿಕೊಂಡು 2007ರಲ್ಲಿ ಸುಮಾರು 9 ಕೋಟಿ 88 ಲಕ್ಷ ರ್‍ಯಾಂಡ್ ದಂಡ ಕಟ್ಟಿತು. ರ್‍ಯಾಂಡ್ ಅಂದರೆ ಅಲ್ಲಿಯ ರೂಪಾಯಿ. ಪಯೋನಿಯರ್ ಫುಡ್ಸ್ ಒಪ್ಪದೆ ವಾದ ಮಾಡಿತು, 2010ರಲ್ಲಿ ಅದಕ್ಕೆ 19 ಕೋಟಿ 57 ಲಕ್ಷ ರ್‍ಯಾಂಡ್ ದಂಡ ಬಿತ್ತು. ಅದೇ ವರ್ಷ ಉಳಿದ ಪ್ರಕರಣಗಳ ರಾಜಿಯಲ್ಲಿ ಆ ಕಂಪೆನಿ ಇನ್ನೂ 50 ಕೋಟಿ ರ್‍ಯಾಂಡ್ ಕೊಡಲು ಒಪ್ಪಿತು. ಅದರ ಅರ್ಧ ಹಣ ಸಣ್ಣ ಆಹಾರ ಉದ್ಯಮಗಳಿಗೆ ನೆರವಾಗುವ ನಿಧಿಗೆ ಹೋಯಿತು. ಹಿಟ್ಟಿನ ಮತ್ತು ಬ್ರೆಡ್ಡಿನ ಬೆಲೆ ಇಳಿಸಲೂ ಕಂಪೆನಿ ಒಪ್ಪಬೇಕಾಯಿತು.

ಇದರಲ್ಲಿ ಗಮನಿಸಬೇಕಾದ್ದು ಎರಡು ವಿಷಯ. ಒಂದು, ಕೆಲವೇ ಸೆಂಟುಗಳ ಮೋಸ. ನಮ್ಮ ಒಂದೆರಡು ರೂಪಾಯಿಯ ಹಾಗೆ. ಒಬ್ಬಳಿಗೆ ಅದು ಚಿಲ್ಲರೆ, ಲಕ್ಷಾಂತರ ಮನೆಗಳಿಂದ ದಿನಾ ಸೇರಿದರೆ ಕೋಟಿ. ಎರಡು, ಇಷ್ಟು ದೊಡ್ಡ ಕಾನೂನು ಎದ್ದು ನಿಂತದ್ದು ಚಿಕ್ಕ ವ್ಯಾಪಾರಿಗಳು ತಾರೀಖು ಗಮನಿಸಿದ್ದರಿಂದ. "ಎಲ್ಲರೂ ಒಂದೇ ಹೊತ್ತಿಗೆ ಏಕೆ ಏರಿಸಿದರು?" ಎಂಬ ಒಂದು ಪ್ರಶ್ನೆಯಿಂದ.

ಒಂದೇ ಬೆಲೆ ಇದ್ದಲ್ಲೆಲ್ಲ ಮೋಸವೇ?

ಇಲ್ಲ. ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಸಂತೆಯಲ್ಲಿ ಹತ್ತು ಜನ ಟೊಮೆಟೊ ಒಂದೇ ಬೆಲೆಗೆ ಮಾರುತ್ತಾರೆ. ಎಲ್ಲರೂ ಬೆಳಿಗ್ಗೆ ಒಂದೇ ಮಂಡಿಯಿಂದ ತಂದಿರುತ್ತಾರೆ, ಹೆಚ್ಚು ಹೇಳಿದರೆ ಗಿರಾಕಿ ಪಕ್ಕದವರ ಹತ್ತಿರ ಹೋಗುತ್ತಾರೆ. ಅದು ಪೈಪೋಟಿಯಿಂದ ಬಂದ ಒಂದೇ ಬೆಲೆ. ಕಾನೂನು ಹುಡುಕುವುದು ಒಪ್ಪಂದವನ್ನು. ಮಂಡಿಯಲ್ಲಿ ಬೆಲೆ ಇಳಿದರೂ ಊರಿನ ಯಾವ ಅಂಗಡಿಯಲ್ಲೂ ಇಳಿಯದಿದ್ದರೆ, ಕಡಿಮೆಗೆ ಮಾರಿದವರನ್ನು ಉಳಿದವರು ಹೆದರಿಸಿದರೆ, ವ್ಯಾಪಾರಿಗಳ ಸಂಘವೇ "ಯಾರೂ ರಿಯಾಯಿತಿ ಕೊಡಬಾರದು" ಅಂತ ಹೇಳಿದರೆ ಆಗ ಅನುಮಾನ ಪಡಬೇಕು. ಪಶ್ಚಿಮ ಬಂಗಾಳದಲ್ಲಿ ಔಷಧಿ ವ್ಯಾಪಾರಿಗಳ ಸಂಘವೊಂದು ಎಂ.ಆರ್.ಪಿ.ಗಿಂತ ಕಡಿಮೆಗೆ ಮಾರಬಾರದೆಂದು ಅಂಗಡಿಗಳಿಗೆ ಕಟ್ಟುಪಾಡು ಹಾಕಿದ್ದಕ್ಕೆ ಆಯೋಗ 2014ರಲ್ಲಿ ದಂಡ ಹಾಕಿದೆ.

ಈರುಳ್ಳಿಯ ವಿಷಯದಲ್ಲಿ ಇದೇ ಅನುಮಾನ ಬಂದಾಗ ಬೆಂಗಳೂರಿನ ಐಸೆಕ್ ಸಂಸ್ಥೆ ಆಯೋಗಕ್ಕಾಗಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಮಾರುಕಟ್ಟೆಗಳಲ್ಲಿ ಅಧ್ಯಯನ ಮಾಡಿ 2012ರಲ್ಲಿ ವರದಿ ಕೊಟ್ಟಿತು. ಕೆಲವೇ ದೊಡ್ಡ ವ್ಯಾಪಾರಿಗಳ ಕೈಯಲ್ಲಿ ವಹಿವಾಟು ಸೇರಿಕೊಂಡಿರುವುದನ್ನು ಅದು ತೋರಿಸಿತು. ನಮ್ಮ ರಾಜ್ಯದ ಎ.ಪಿ.ಎಂ.ಸಿ.ಗಳಲ್ಲಿ 2014ರಿಂದ ಕಂಪ್ಯೂಟರಿನ ಮೂಲಕ ಟೆಂಡರ್ ಹಾಕುವ ಪದ್ಧತಿ ಬಂದದ್ದು ಇದೇ ರೋಗಕ್ಕೆ ಒಂದು ಮದ್ದು. ಎದುರಿಗೆ ಕೂತ ನಾಲ್ಕೇ ಜನ ಕಣ್ಸನ್ನೆಯಲ್ಲಿ ಬೆಲೆ ಮುಗಿಸುವ ಬದಲು ದೂರದವರೂ ಬೆಲೆ ಕೂಗಬಹುದು.

ಕಾನೂನು ಇದೆ, ಬಾಯಿ ಏಕಿಲ್ಲ?

ಸಹೋದರಿಯರೇ, ಇಷ್ಟು ಹೊತ್ತು ಕಾನೂನು ಹೇಳಿದೆವು. ಈಗ ಮನಸ್ಸಿನ ಮಾತು. ಎಂ.ಆರ್.ಪಿ. ಗೊತ್ತು, ಹೆಚ್ಚು ತೆಗೆದುಕೊಳ್ಳುವುದು ತಪ್ಪು ಅಂತಲೂ ಗೊತ್ತು. ಆದರೂ ನಾವು ಕೇಳುವುದಿಲ್ಲ. ಯಾಕೆ? ಅಂಗಡಿಯಲ್ಲಿ ನಮ್ಮ ಹೆಸರಿನ ಉದ್ರಿ ಪುಸ್ತಕ ಇದೆ. 1,500 ರೂಪಾಯಿ ಬಾಕಿ ಇಟ್ಟವಳು "ಅಣ್ಣ, ಸಕ್ಕರೆಗೆ 3 ರೂಪಾಯಿ ಜಾಸ್ತಿ ಹಾಕಿದ್ದೀರಿ" ಅಂತ ಹೇಗೆ ಕೇಳಿಯಾಳು? ಕೇಳಿದರೆ "ಮೊದಲು ಹಳೇದು ಕೊಡಮ್ಮ" ಅಂತ ನಾಲ್ಕು ಜನರ ಎದುರು ಹೇಳಿಸಿಕೊಳ್ಳಬೇಕು. ಬೇರೆ ಅಂಗಡಿಗೆ ಹೋಗಲಿಕ್ಕೂ ಆಗುವುದಿಲ್ಲ. ಅವಳ ಪಾಲಿಗೆ ಊರಿನಲ್ಲಿ ಹತ್ತು ಅಂಗಡಿ ಇದ್ದರೂ ಒಂದೇ ಅಂಗಡಿ.

ಅಂಗಡಿಯವರನ್ನು ವೈರಿ ಮಾಡಬೇಕು ಅಂತ ನಾವು ಹೇಳುತ್ತಿಲ್ಲ. ಮಗುವಿಗೆ ಜ್ವರ ಬಂದ ರಾತ್ರಿ, ಕೂಲಿ ಇಲ್ಲದ ಮಳೆಗಾಲ, ಆಗ ಅಕ್ಕಿ ಕೊಟ್ಟವರು ಅವರೇ. ಅವರಿಗೂ ಸಗಟು ವ್ಯಾಪಾರಿಯ ಸಾಲ ಇರುತ್ತದೆ. ಆದರೆ ಉಪಕಾರ ಬೇರೆ, ಲೆಕ್ಕ ಬೇರೆ. ಉದ್ರಿಯಲ್ಲಿ ಬಡ್ಡಿ ಕಾಣುವುದಿಲ್ಲ, ಅದು ಬೆಲೆಯೊಳಗೇ ಕೂತಿರುತ್ತದೆ.

ಆದ್ದರಿಂದ ನಮ್ಮ ಮುಖ್ಯ ಸಲಹೆ ಇದು. ಸಂಘದ ಒಳಸಾಲ ಕೊಡುವಾಗ ಅಂಗಡಿಯ ಉದ್ರಿ ತೀರಿಸಲಿಕ್ಕೆ ಕೇಳುವವರನ್ನು ಹಿಂದಕ್ಕೆ ತಳ್ಳಬೇಡಿ. "ಅದೇನು ದೊಡ್ಡ ಕಾರಣ" ಅನ್ನಬೇಡಿ. ಹಸು ಕೊಳ್ಳುವ ಸಾಲದಷ್ಟೇ ಅದೂ ದೊಡ್ಡದು. ಸಂಘಕ್ಕೆ ಕಟ್ಟುವ ಬಡ್ಡಿ ಕಣ್ಣಿಗೆ ಕಾಣುತ್ತದೆ, ಸಂಘಕ್ಕೇ ಉಳಿಯುತ್ತದೆ. ಉದ್ರಿ ತೀರಿದ ದಿನ ಅವಳಿಗೆ ಬೆಲೆ ಕೇಳುವ ಬಾಯಿ ಬರುತ್ತದೆ, ಬೇರೆ ಅಂಗಡಿಗೆ ನಡೆಯುವ ಕಾಲು ಬರುತ್ತದೆ. ಸ್ಪರ್ಧಾ ಕಾಯ್ದೆ ದೆಹಲಿಯಲ್ಲಿ ಇರಲಿ. ನಮ್ಮ ಊರಿನಲ್ಲಿ ಸ್ಪರ್ಧೆ ಹುಟ್ಟುವುದು ಕೈಯಲ್ಲಿ ನಗದು ಹಿಡಿದು ಎರಡು ಅಂಗಡಿ ನೋಡುವ ಹೆಂಗಸಿನಿಂದ.

ನಾವೇ ಮಾರುವಾಗ

ನಮ್ಮಲ್ಲಿ ಹಪ್ಪಳ, ಉಪ್ಪಿನಕಾಯಿ, ಸಾಂಬಾರ್ ಪುಡಿ, ರೊಟ್ಟಿ ಮಾರುವ ಸಂಘಗಳಿವೆ. ಬೇರೆಯವರಿಗೆ ಕೇಳುವ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳಬೇಕು. ಪೊಟ್ಟಣ ಮಾಡಿದರೆ ಪದಾರ್ಥದ ಹೆಸರು, ತಯಾರಿಸಿದವರ ಹೆಸರು ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು ವರ್ಷ, ಎಂ.ಆರ್.ಪಿ., ಬಿಡಿ ಅಳತೆಯ ಬೆಲೆ, ದೂರು ಹೇಳಬಹುದಾದ ಫೋನ್ ನಂಬರ್, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ಇರಬೇಕು. ತಕ್ಕಡಿಗೆ ಇಲಾಖೆಯ ಮುದ್ರೆ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ಸೂಕ್ಷ್ಮ ವಿಷಯ. ಹದಿನೈದು ಜನ ಸೇರಿ, ಒಟ್ಟಿಗೆ ಮಾಡಿ, ಒಂದೇ ಹೆಸರಿನಲ್ಲಿ ಮಾರುವುದು ಒಗ್ಗಟ್ಟು. ಅದು ನಮ್ಮ ಉದ್ಯಮ. ಆದರೆ ಜಾತ್ರೆಯಲ್ಲಿ ಬೇರೆ ಬೇರೆಯಾಗಿ ಅಂಗಡಿ ಹಾಕಿದ ಸಂಘಗಳು ಸೇರಿಕೊಂಡು "ಖಾರದಪುಡಿ ಇಷ್ಟಕ್ಕಿಂತ ಕಡಿಮೆಗೆ ಯಾರೂ ಕೊಡಬಾರದು, ಕೊಟ್ಟವರನ್ನು ಮುಂದಿನ ಸಲ ಸೇರಿಸಬಾರದು" ಅಂತ ಕಟ್ಟು ಮಾಡಿದರೆ? ನಾವು ಬೈದ ಕಂಪೆನಿಗಳು ಮಾಡಿದ್ದೂ ಅದನ್ನೇ. ಹೆಂಗಸರು ಮಾಡಿದರು ಅಂತ ತಪ್ಪು ಸರಿಯಾಗುವುದಿಲ್ಲ. ಕೊಳ್ಳಲು ಬಂದವಳೂ ನಮ್ಮ ಹಾಗೆ ಒಬ್ಬ ಕೂಲಿ ಹೆಂಗಸು.

ಮುಂದಿನ ಸಭೆಯೊಳಗೆ ಮಾಡಬೇಕಾದ್ದು

1. ಪ್ರತಿ ಸಂಘದಲ್ಲಿ ಒಂದು ಬೆಲೆ ಪುಸ್ತಕ ಇಡಿ. ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಈರುಳ್ಳಿ ಈ ಐದು ಪದಾರ್ಥಗಳ ಬೆಲೆಯನ್ನು ಮೂರು ಅಂಗಡಿಗಳಲ್ಲಿ ವಾರಕ್ಕೊಮ್ಮೆ ತಾರೀಖು ಹಾಕಿ ಬರೆಯಿರಿ.

2. ಬಿಲ್ಲು ಕೇಳಿ. ಮುದ್ರಿತ ಬಿಲ್ಲು ಇಲ್ಲದಿದ್ದರೆ ಚೀಟಿಯಲ್ಲಾದರೂ ಬರೆಸಿ, ತಾರೀಖು ಹಾಕಿಸಿ, ಸಹಿ ಮಾಡಿಸಿ.

3. ಯಾರ್‍ಯಾರಿಗೆ ಅಂಗಡಿಯಲ್ಲಿ ಎಷ್ಟು ಉದ್ರಿ ಇದೆ ಎಂಬುದನ್ನು ಸಂಘದೊಳಗೆ ಮಾತ್ರ, ಮರ್ಯಾದೆ ಉಳಿಸಿ, ಪಟ್ಟಿ ಮಾಡಿ. ತೀರಿಸುವ ಯೋಜನೆ ಹಾಕಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

4. ಹತ್ತು ಮನೆಗಳಿಗೆ ಬೇಕಾದ ಬೇಳೆ, ಎಣ್ಣೆಯನ್ನು ಸಗಟು ಅಂಗಡಿಯಿಂದ ಒಟ್ಟಿಗೆ ತಂದು ಹಂಚಿಕೊಂಡು ನೋಡಿ. ಒಂದು ತಿಂಗಳು ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

5. ಎಂ.ಆರ್.ಪಿ.ಗಿಂತ ಹೆಚ್ಚು ತೆಗೆದುಕೊಂಡರೆ, ತೂಕ ಕಡಿಮೆ ಕೊಟ್ಟರೆ ಮೊದಲು ಅಂಗಡಿಯಲ್ಲೇ ಸಮಾಧಾನವಾಗಿ ಕೇಳಿ. ಸರಿಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅಥವಾ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರೆಯಿರಿ. ದೊಡ್ಡ ನಷ್ಟವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ.

6. ಬೆಲೆ ಪುಸ್ತಕದಲ್ಲಿ ಒಪ್ಪಂದದ ವಾಸನೆ ಬಂದರೆ ಒಬ್ಬೊಬ್ಬರೇ ಹೋಗಬೇಡಿ. ಒಕ್ಕೂಟಕ್ಕೆ ತನ್ನಿ. ಎಲ್ಲ ಸಂಘಗಳ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿ, ಮುಂದೆ ಎಲ್ಲಿಗೆ ಬರೆಯಬೇಕೆಂದು ಸೇರಿ ತೀರ್ಮಾನಿಸೋಣ.

ಉಳಿತಾಯದ ಪಾಸ್ ಪುಸ್ತಕ ಓದಲು ಕಲಿತದ್ದು ನಾವೇ, ಬ್ಯಾಂಕಿನ ಮ್ಯಾನೇಜರ್ ಎದುರು ಕುರ್ಚಿಯಲ್ಲಿ ಕೂತು ಮಾತಾಡಲು ಕಲಿತದ್ದೂ ನಾವೇ. ಅಂಗಡಿಯ ಕಟ್ಟೆಯ ಮುಂದೆ ನಿಂತು "ಇದರ ಬೆಲೆ ಎಷ್ಟು, ಯಾಕೆ?" ಅಂತ ಕೇಳುವುದು ಅದಕ್ಕಿಂತ ಕಷ್ಟವೇನಲ್ಲ. ಮುಂದಿನ ತಿಂಗಳು ಬರುವಾಗ ಪ್ರತಿ ಸಂಘದವರೂ ನಾಲ್ಕು ವಾರದ ಬೆಲೆ ಪುಸ್ತಕ ತರಬೇಕು. ಅದನ್ನು ಮುಂದಿಟ್ಟುಕೊಂಡೇ ಸಭೆ ಆರಂಭಿಸೋಣ.